ಅನಿಮೆ ಕಥೆಗಳ ಜೊತೆ ಸರಳ ಸಮೀಕರಣ: 6ರಿಂದ 8ನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸುವ ಬಗೆ

ಹನುಮಂತನಗರದ ನಮ್ಮ ಮನೆಗೆ ಸಂಜೆ ಹೊತ್ತು ಲೆಕ್ಕ ಹೇಳಿಸಿಕೊಳ್ಳಲು ಬರುವ ಮಕ್ಕಳಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಇದ್ದಾನೆ. ನರುಟೊ ಎಂಬ ಅನಿಮೆಯಲ್ಲಿ, ಅಂದರೆ ನಿಂಜಾ ಯೋಧರ ಜಪಾನಿ ಕಾರ್ಟೂನ್ ಕಥೆಯಲ್ಲಿ, ಯಾವ ಮೃಗಕ್ಕೆ ಎಷ್ಟು ಬಾಲ, ಯಾರಿಗೆ ಯಾರು ಗುರು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಆದರೆ 3ಕ + 5 = 20 ಎಂದು ಬರೆದುಕೊಟ್ಟರೆ ಅವನ ಪೆನ್ಸಿಲ್ ಅಲ್ಲೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ 3ನ್ನೂ 5ನ್ನೂ ಕೂಡಿಸಿ 8ಕ = 20 ಎಂದು ಬರೆದು ನನ್ನ ಮುಖ ನೋಡುತ್ತಿದ್ದ.

ಅವನಿಗಾಗಿ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಹಾಳೆಯ ತುಂಬ ನಿಂಜಾಗಳ ಚಿತ್ರ ಅಂಟಿಸಿ, ಪಕ್ಕದಲ್ಲಿ ಪಠ್ಯಪುಸ್ತಕದ ಅದೇ ಲೆಕ್ಕಗಳನ್ನು ಬರೆದುಕೊಟ್ಟೆ. ಮಕ್ಕಳು ಅರ್ಧ ಗಂಟೆ ಚಿತ್ರಕ್ಕೆ ಬಣ್ಣ ತುಂಬಿದರು, ಲೆಕ್ಕ ಹಾಗೇ ಉಳಿಯಿತು. ಅವತ್ತು ನನಗೆ ಅರ್ಥವಾದದ್ದು ಇಷ್ಟು: ಚಿತ್ರ ಅಂಟಿಸಿದರೆ ಗಣಿತ ಹತ್ತಿರವಾಗುವುದಿಲ್ಲ. ಕಥೆಯ ಒಳಗೆ ಇರುವ ನಿಯಮವೇ ಸಮೀಕರಣವಾಗಿ ಬರಬೇಕು. ಮಗು ಕಥೆಯಲ್ಲಿ ನಂಬಿರುವ ಸಂಗತಿಯೇ ಹಾಳೆಯ ಮೇಲೂ ಕಾಣಿಸಬೇಕು. ಈಗ ಎರಡು ವರ್ಷದಿಂದ ಹೀಗೆ ಮಾಡಿಸುತ್ತಿದ್ದೇನೆ. ಅದರ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಒಟ್ಟು ನಾಲ್ಕು ವಾರ ಸಾಕು.

ಬೇಕಾದ ಸಾಮಾನು

ಖಾಲಿ ಬೆಂಕಿಪೊಟ್ಟಣ ನಾಲ್ಕೈದು, ಒಂದು ಹಿಡಿ ಹುಣಸೆ ಬೀಜ, ಬಟ್ಟೆ ಹಾಕುವ ಹ್ಯಾಂಗರ್ ಒಂದು, ಪೇಪರ್ ಲೋಟ ಎರಡು, ಒಂದೇ ಅಳತೆಯ ಒಂದು ರೂಪಾಯಿ ನಾಣ್ಯ ಇಪ್ಪತ್ತೈದು, ಅಳತೆ ಟೇಪು, ಹಳೆಯದೊಂದು ನೋಟ್‌ಬುಕ್. ಮೊಬೈಲ್ ಬೇಡ. ಅಭ್ಯಾಸದ ಹೊತ್ತಿನಲ್ಲಿ ಎಪಿಸೋಡ್ ಹಾಕಿದರೆ ಕಥೆ ಗೆಲ್ಲುತ್ತದೆ, ಲೆಕ್ಕ ಸೋಲುತ್ತದೆ.

ಮೊದಲ ಹೆಜ್ಜೆ: ಮಗುವಿನ ಬಾಯಿಂದ ಕಥೆಯ ನಿಯಮ ಕೇಳಿ

ಯಾವ ಅನಿಮೆ ಎಂದು ನೀವು ಆರಿಸಬೇಡಿ. ಮಗು ಈಗಾಗಲೇ ನೋಡಿರುವುದನ್ನೇ, ಮನೆಯಲ್ಲಿ ನೀವು ಒಪ್ಪಿರುವುದನ್ನೇ ತೆಗೆದುಕೊಳ್ಳಿ. ರಕ್ತಪಾತ ಹೆಚ್ಚಿರುವ ಕಥೆಗಳು ಆರನೇ ತರಗತಿಗೆ ಬೇಡವೇ ಬೇಡ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ಎಣಿಸೋ ಅಂಥದ್ದು, ಅಳೆಯೋ ಅಂಥದ್ದು ಏನೇನಿದೆ?’ ಮಗು ಹೇಳುತ್ತಾ ಹೋಗಲಿ, ನೀವು ಬರೆದುಕೊಳ್ಳಿ.

ನಮ್ಮ ಮನೆಯ ಪಟ್ಟಿಯಲ್ಲಿ ಬಂದವು ಇವು. ಡ್ರ್ಯಾಗನ್ ಬಾಲ್ ಕಥೆಯಲ್ಲಿ ಒಟ್ಟು ಗೋಲಗಳು 7, ಏಳೂ ಸೇರಿದರೆ ಮಾತ್ರ ವರ. ಅದೇ ಕಥೆಯಲ್ಲಿ ನಾಯಕ ಗೋಕು ತಾಲೀಮು ಮಾಡುವ ಪುಟ್ಟ ಗ್ರಹದಲ್ಲಿ ಗುರುತ್ವ ಭೂಮಿಯ 10 ಪಟ್ಟು. ಪೋಕೆಮಾನ್ ಎಂಬ ಕಾದಾಡುವ ಜೀವಿಗಳನ್ನು ಅವುಗಳ ತರಬೇತುದಾರ ಒಮ್ಮೆಗೆ ಜೊತೆಗಿಟ್ಟುಕೊಳ್ಳುವುದು ಹೆಚ್ಚೆಂದರೆ 6. ನರುಟೊ ಕಥೆಯಲ್ಲಿ ಶಾಲೆ ಮುಗಿಸಿದ ಮಕ್ಕಳು 27, ಮೂರು ಮೂರು ಜನರ ತಂಡ. ನೆರಳು ತದ್ರೂಪಿಗಳನ್ನು, ಅಂದರೆ ತನ್ನ ಹಾಗೇ ಇರುವ ನಕಲುಗಳನ್ನು, ಮಾಡಿದರೆ ಒಬ್ಬನ ಚಕ್ರ, ಅಂದರೆ ಅವನ ಒಳಶಕ್ತಿ, ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಬೆಕ್ಕಿನ ರೂಪದ ರೋಬೋ ಡೋರೇಮಾನ್ ಹುಟ್ಟಿದ್ದು 2112ರ ಸೆಪ್ಟೆಂಬರ್ 3ರಂದು, ಎತ್ತರ 129.3 ಸೆಂಟಿಮೀಟರ್, ತೂಕ 129.3 ಕಿಲೋ, ಇಲಿ ಕಂಡಾಗ ಹಾರುವ ಎತ್ತರವೂ 129.3 ಸೆಂಟಿಮೀಟರ್.

ಕಥೆಯ ಮೂಲಕ ಲೆಕ್ಕ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಮುತ್ತಿನ ಹಾರ ಹರಿದು ಚೆಲ್ಲಾಪಿಲ್ಲಿಯಾದ ಕಥೆ ಹೇಳಿ ಮುತ್ತುಗಳ ಸಂಖ್ಯೆ ಕೇಳುತ್ತಾರೆ. ಅಂದಿನ ಮಕ್ಕಳಿಗೆ ಮುತ್ತಿನ ಹಾರ, ನಮ್ಮ ಮಕ್ಕಳಿಗೆ ಡ್ರ್ಯಾಗನ್ ಬಾಲ್.

ಎರಡನೇ ಹೆಜ್ಜೆ: ಬೆಂಕಿಪೊಟ್ಟಣದೊಳಗಿನ ಬೀಜ

ಮೇಜಿನ ಮೇಲೆ ನಾಲ್ಕು ಹುಣಸೆ ಬೀಜ ಇಡಿ. ಮಗುವಿಗೆ ಕಾಣದ ಹಾಗೆ ಪೊಟ್ಟಣದೊಳಗೆ ಮೂರು ಬೀಜ ಹಾಕಿ ಮುಚ್ಚಿ. ‘ಏಳು ಡ್ರ್ಯಾಗನ್ ಬಾಲ್‌ನಲ್ಲಿ ನಾಲ್ಕು ಸಿಕ್ಕಿವೆ. ಉಳಿದದ್ದು ಪೊಟ್ಟಣದಲ್ಲಿದೆ. ಎಷ್ಟು?’ ಮಗು ತಕ್ಷಣ ಮೂರು ಅನ್ನುತ್ತದೆ. ಇಷ್ಟು ಸುಲಭವಾ ಎಂದೂ ಅನ್ನುತ್ತದೆ. ಆಗ ಪೊಟ್ಟಣದ ಮೇಲೆ ಕ ಎಂದು ಬರೆದು, ಹಾಳೆಯಲ್ಲಿ ಕ + 4 = 7 ಎಂದು ಬರೆಯಿರಿ. ಪೊಟ್ಟಣ ತೆರೆದು ಬೀಜ ಎಣಿಸಲಿ. ಸಮೀಕರಣ ಎಂದರೆ ಮುಚ್ಚಿದ ಪೊಟ್ಟಣದ ಬಗ್ಗೆ ಹೇಳಿದ ಒಂದು ನಿಜವಾದ ಮಾತು ಎನ್ನುವುದು ಹೀಗೆ ಕೈಗೆ ಸಿಗುತ್ತದೆ. ಬೀಜಗಣಿತ ಎಂಬ ಹೆಸರೂ ಮಕ್ಕಳಿಗೆ ಅವತ್ತೇ ಇಷ್ಟವಾಗುತ್ತದೆ.

ಶಾಲೆಯಲ್ಲಿ ಎಕ್ಸ್, ವೈ ಬಳಸುತ್ತಾರೆ. ನಾನು ಮನೆಯಲ್ಲಿ ಕ ಎಂದೇ ಬರೆಸುತ್ತೇನೆ. ಇದು ನನ್ನ ಹಟವಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂದು ಹೆಸರಿಟ್ಟು, ಮೊದಲ ಅಕ್ಷರ ಮಾತ್ರ ಬರೆಯುತ್ತಿದ್ದರು: ಯಾ, ಕಾ, ನೀ. ಕಾಲಕ ಎಂದರೆ ಕಪ್ಪು, ನೀಲಕ ಎಂದರೆ ನೀಲಿ. ಅಕ್ಷರ ಯಾವುದಾದರೂ ಆಗಬಹುದು ಎಂಬ ಧೈರ್ಯ ಇದರಿಂದ ಬರುತ್ತದೆ. ಶಾಲೆಯ ನೋಟ್‌ಬುಕ್‌ನಲ್ಲಿ ಎಕ್ಸ್ ಬಂದಾಗ ಮಗು ಬೆದರುವುದಿಲ್ಲ.

ಇಲ್ಲೊಂದು ಎಚ್ಚರ. ನಿಂಜಾಗೆ ನಿ, ಡೋರೇಮಾನ್‌ಗೆ ಡೋ ಎಂದು ಮಕ್ಕಳು ಆಸೆಯಿಂದ ಬರೆಯುತ್ತಾರೆ. ಬಿಡಬೇಡಿ. 3ನಿ ಎಂದು ಬರೆದ ಮಗು ಅದನ್ನು ‘ಮೂರು ನಿಂಜಾ’ ಎಂದು ಓದುತ್ತದೆ. ಆದರೆ ಅಲ್ಲಿರುವುದು ನಿಂಜಾ ಅಲ್ಲ, ಒಂದು ಸಂಖ್ಯೆಯ ಮೂರು ಪಟ್ಟು. ಹಾಳೆಯ ಮೇಲ್ತುದಿಯಲ್ಲಿ ಪ್ರತಿಸಲ ಒಂದು ವಾಕ್ಯ ಬರೆಸಿ: ‘ಕ ಎಂದರೆ ತಂಡಗಳ ಸಂಖ್ಯೆ’, ‘ಕ ಎಂದರೆ ಸೆಕೆಂಡುಗಳು’. ‘ಕ ಎಂದರೆ ತಂಡ’ ಎಂದು ಬರೆದರೆ ವಾಪಸ್ ಕೊಡಿ. ಅನಿಮೆ ಬಳಸುವಾಗ ಈ ತಪ್ಪು ಹೆಚ್ಚು, ಏಕೆಂದರೆ ಪಾತ್ರಗಳ ಮೇಲೆ ಪ್ರೀತಿ ಹೆಚ್ಚು.

ಮೂರನೇ ಹೆಜ್ಜೆ: ಸಮ ಚಿಹ್ನೆಯೇ ತಕ್ಕಡಿ

ನಾಲ್ಕು ವಾರದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಐದನೇ ತರಗತಿವರೆಗೆ ಮಕ್ಕಳಿಗೆ ಸಮ ಚಿಹ್ನೆ ಎಂದರೆ ‘ಉತ್ತರ ಬರೆಯುವ ಜಾಗ’. ಹಾಗಾಗಿ 20 − 5 = 15 ÷ 3 = 5 ಎಂದು ಉದ್ದಕ್ಕೆ ಬರೆದುಕೊಂಡು ಹೋಗುತ್ತಾರೆ. 20ರಲ್ಲಿ 5 ಕಳೆದರೆ 5 ಬರುತ್ತದೆ ಎಂದು ಬರೆದ ಹಾಗಾಯಿತು. ಉತ್ತರ ಸರಿ ಎಂದು ನಾವೂ ರೈಟ್ ಹಾಕಿಬಿಡುತ್ತೇವೆ. ಎಂಟನೇ ತರಗತಿಯಲ್ಲಿ ಎರಡೂ ಕಡೆ ಅಕ್ಷರ ಬಂದಾಗ ಮಗು ಮುಗ್ಗರಿಸುವುದು ಇದೇ ಕಾರಣಕ್ಕೆ.

ನಮ್ಮ ಊರಿನ ಅಂಗಡಿಗಳಲ್ಲಿ ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರಗಳೇ ಹೆಚ್ಚು. ಎರಡು ತಟ್ಟೆಯ ತಕ್ಕಡಿಯನ್ನು ಕೈಯಲ್ಲಿ ಹಿಡಿದು ನೋಡಿದ ಮಕ್ಕಳು ಕಡಿಮೆ. ಹ್ಯಾಂಗರ್‌ನ ಎರಡು ತುದಿಗೆ ದಾರದಿಂದ ಪೇಪರ್ ಲೋಟ ಕಟ್ಟಿ, ಬಾಗಿಲ ಚಿಲಕಕ್ಕೆ ತೂಗುಹಾಕಿ. ಇಲ್ಲಿ ಬೀಜ ಬೇಡ, ಒಂದೊಂದು ಬೀಜ ಒಂದೊಂದು ತೂಕ. ನಾಣ್ಯ ಬಳಸಿ. ಎರಡು ಪೊಟ್ಟಣದಲ್ಲಿ ಮೂರು ಮೂರು ನಾಣ್ಯ ಹಾಕಿ ಎಡ ಲೋಟದಲ್ಲಿಡಿ, ಜೊತೆಗೆ ಬಿಡಿ ನಾಣ್ಯ ಎರಡು. ಬಲ ಲೋಟದಲ್ಲಿ ಎಂಟು ನಾಣ್ಯ. ಹ್ಯಾಂಗರ್ ಎಡಕ್ಕೆ ವಾಲುತ್ತದೆ. ಯಾಕೆ ಎಂದು ಮಗುವನ್ನೇ ಕೇಳಿ. ಪೊಟ್ಟಣಕ್ಕೂ ತೂಕವಿದೆ ಎಂದು ಅದೇ ಹೇಳುವವರೆಗೆ ಸುಮ್ಮನಿರಿ. ಆಮೇಲೆ ಬಲಕ್ಕೂ ಎರಡು ಖಾಲಿ ಪೊಟ್ಟಣ ಹಾಕಿ. ಹ್ಯಾಂಗರ್ ಅಲ್ಲಾಡಿ ಅಲ್ಲಾಡಿ ನೇರವಾಗಿ ನಿಲ್ಲುವ ಆ ಕ್ಷಣ ನೋಡಿದ ಮಗು ಸಮ ಚಿಹ್ನೆಯನ್ನು ಮತ್ತೆ ಹಳೆಯ ಹಾಗೆ ಓದುವುದಿಲ್ಲ.

ಈಗ 2ಕ + 2 = 8. ಎಡಗಡೆ ಎರಡು ನಾಣ್ಯ ತೆಗೆದರೆ ಹ್ಯಾಂಗರ್ ವಾಲುತ್ತದೆ, ಬಲಗಡೆಯೂ ಎರಡು ತೆಗೆದರೆ ನೇರವಾಗುತ್ತದೆ. 2ಕ = 6. ಎರಡು ಪೊಟ್ಟಣ ಸೇರಿ ಆರು, ಒಂದರಲ್ಲಿ ಮೂರು. ಹಾಳೆಯ ಮೇಲೂ ಹಾಗೇ ಸಾಲಿನ ಕೆಳಗೆ ಸಾಲು, ಸಮ ಚಿಹ್ನೆಗಳು ಒಂದರ ಕೆಳಗೊಂದು ಬರುವಂತೆ ಬರೆಸಿ.

ಶಾಲೆಯಲ್ಲಿ ‘ಪಕ್ಷಾಂತರ ಮಾಡಿ, ಚಿಹ್ನೆ ಬದಲಿಸಿ’ ಎಂದು ಹೇಳಿಕೊಟ್ಟಿರುತ್ತಾರೆ. ಪಕ್ಷ ಬದಲಾದರೆ ಚಿಹ್ನೆಯೂ ಬದಲು ಎಂಬುದು ಚುನಾವಣೆ ಸುದ್ದಿ ಕೇಳುವ ಮನೆಯ ಮಕ್ಕಳಿಗೆ ಬೇಗ ನೆನಪಿನಲ್ಲಿ ಕೂರುತ್ತದೆ. ಅದು ಸರಿಯಾದ ದಾರಿಯೇ. ಆದರೆ ತಕ್ಕಡಿ ಮನಸ್ಸಿನಲ್ಲಿ ಕೂರುವ ಮೊದಲೇ ಅದನ್ನು ಕಲಿತ ಮಗು 3ಕ = 15 ಬಂದಾಗ ಕ = 15 − 3 ಎಂದು ಬರೆಯುತ್ತದೆ, ಮೂರನ್ನು ಆಚೆ ದಾಟಿಸಿದೆನಲ್ಲ ಎನ್ನುತ್ತದೆ. ಮೊದಲ ಎರಡು ವಾರ ಪಕ್ಷಾಂತರದ ಮಾತೇ ಬೇಡ.

ನಾಲ್ಕನೇ ಹೆಜ್ಜೆ: ಒಂದೇ ಏಟಿಗೆ ಬಿಡಿಸುವ ಸಮೀಕರಣಗಳು

ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ನಾಲ್ಕಕ್ಕೂ ಒಂದೊಂದು ಕಥೆ ಕಟ್ಟಿ. ಪೋಕೆಮಾನ್ ತಂಡದಿಂದ ಇಬ್ಬರು ಸುಸ್ತಾಗಿ ಹೊರಬಿದ್ದರು, ನಾಲ್ವರು ಉಳಿದರು: ಕ − 2 = 4. ಮೂರು ಮೂರು ಜನರ ತಂಡದಲ್ಲಿ 27 ಮಂದಿ: 3ಕ = 27. ಚಂದ್ರನ ಗುರುತ್ವ ಭೂಮಿಯ ಸುಮಾರು ಆರನೇ ಒಂದು ಭಾಗ, ಅಲ್ಲಿ ತೂಕದ ಯಂತ್ರ 7 ಕಿಲೋ ತೋರಿಸಿದರೆ ಇಲ್ಲಿ ಎಷ್ಟು: ಕ ÷ 6 = 7.

ಕೂಡುವುದಕ್ಕೆ ಡೋರೇಮಾನ್‌ಗಿಂತ ಒಳ್ಳೆಯ ಗೆಳೆಯ ಇಲ್ಲ. ನಮ್ಮ ಮನೆಯ ಗೋಡೆಯ ಮೇಲೆ ನೆಲದಿಂದ 129.3 ಸೆಂಟಿಮೀಟರ್‌ಗೆ ಪೆನ್ಸಿಲ್ ಗೆರೆಯೊಂದಿದೆ. ಮಗಳು ಆ ಗೆರೆಗೆ ಬೆನ್ನು ಕೊಟ್ಟು ನಿಂತಳು, ಎತ್ತರ 148. ಬರೆದದ್ದು 129.3 + ಕ = 148, ಬಂದದ್ದು 18.7. ಟೇಪು ಹಿಡಿದು ಗೆರೆಯಿಂದ ತಲೆಯವರೆಗೆ ಅಳೆದು ಸರಿ ನೋಡಿದೆವು. ಅವಳ ಹಿಂದೆಯೇ ತಮ್ಮ ಬಂದು ನಿಂತ, ಅವನು 121. ‘ಅಮ್ಮಾ, ಇವನಿಗೆ ಸೇರಿಸೋಕೇ ಆಗಲ್ಲ’ ಅಂದಳು. ಆಗುತ್ತೆ, ಬರಿ ಅಂದೆ. 129.3 + ಕ = 121. ಎರಡೂ ಕಡೆಯಿಂದ 129.3 ಕಳೆದಾಗ ಕ = −8.3. ಋಣ ಸಂಖ್ಯೆ ಎಂದರೆ ಗೆರೆಗಿಂತ ಕೆಳಗೆ ಎಂದು ಅವಳು ತಮ್ಮನ ತಲೆ ಮುಟ್ಟಿ ತೋರಿಸಿದಳು. ಈ ಲೆಕ್ಕವನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಈಗ ಮನೆಗೆ ಬರುವ ಎಲ್ಲ ಮಕ್ಕಳಿಗೂ ಆ ಗೆರೆಯೇ ಮೊದಲ ಪಾಠ.

ಐದನೇ ಹೆಜ್ಜೆ: ಎರಡು ಏಟಿನ ಸಮೀಕರಣ, ಟಿಫನ್ ಕ್ಯಾರಿಯರ್ ಕ್ರಮ

ಶಾಲೆಯ ಛದ್ಮವೇಷ ಸ್ಪರ್ಧೆಗೆ ನಿಂಜಾ ಆಗಬೇಕು ಎಂದು ಒಬ್ಬ ಹುಡುಗನಿಗೆ ಆಸೆ. ಚಿಕ್ಕಪೇಟೆಯಲ್ಲಿ ಮೂರು ಮೀಟರ್ ಕಪ್ಪು ಬಟ್ಟೆ, ದರ್ಜಿಗೆ ಹೊಲಿಗೆ 240 ರೂಪಾಯಿ, ಒಟ್ಟು 600 ಆಯಿತು ಎಂದಿಟ್ಟುಕೊಳ್ಳಿ. ಮೀಟರಿಗೆ ಎಷ್ಟು? 3ಕ + 240 = 600.

ಮಕ್ಕಳಿಗೆ ಗೊಂದಲವಾಗುವುದು ಮೊದಲು ಯಾವುದನ್ನು ತೆಗೆಯಬೇಕು ಎನ್ನುವಲ್ಲಿ. ಟಿಫನ್ ಕ್ಯಾರಿಯರ್ ತಂದು ತೋರಿಸಿ. ತಳದ ಡಬ್ಬಿಯಲ್ಲಿ ಕ. ಅದರ ಮೇಲಿನ ಡಬ್ಬಿ ‘3ರಿಂದ ಗುಣಿಸು’. ಎಲ್ಲಕ್ಕಿಂತ ಮೇಲಿನದು ‘240 ಕೂಡು’. ಕಟ್ಟುವಾಗ ಕೊನೆಗೆ ಇಟ್ಟದ್ದು ಬಿಚ್ಚುವಾಗ ಮೊದಲು ಕೈಗೆ ಬರುತ್ತದೆ. ಹಾಗಾಗಿ ಮೊದಲು ಎರಡೂ ಕಡೆ 240 ಕಳೆಯಿರಿ, 3ಕ = 360. ಆಮೇಲೆ 3ರಿಂದ ಭಾಗಿಸಿ, ಕ = 120. ಪ್ರತಿ ಲೆಕ್ಕಕ್ಕೂ ಮೊದಲು ಮಗು ಡಬ್ಬಿಗಳ ಹೆಸರನ್ನು ಕೆಳಗಿನಿಂದ ಮೇಲಕ್ಕೆ ಬಾಯಲ್ಲಿ ಹೇಳಲಿ, ಬಿಡಿಸುವಾಗ ಮೇಲಿನಿಂದ ಕೆಳಕ್ಕೆ. 3ನ್ನೂ 5ನ್ನೂ ಕೂಡಿಸಿ 8ಕ ಬರೆಯುತ್ತಿದ್ದ ಹುಡುಗನ ತಪ್ಪು ನಿಂತದ್ದು ಇಲ್ಲಿ. ಪೊಟ್ಟಣಗಳನ್ನೂ ಬಿಡಿ ಬೀಜಗಳನ್ನೂ ಮುಂದಿಟ್ಟು ‘ಮೂರು ಪೊಟ್ಟಣ, ಐದು ಬೀಜ. ಎಂಟು ಪೊಟ್ಟಣ ಎಲ್ಲಿದೆ ತೋರಿಸು’ ಅಂದೆ. ಎಣಿಸಿ ನೋಡಿ ಅವನೇ ಅಳಿಸಿದ.

ಇದೇ ಬಗೆಯ ನನ್ನ ಅಚ್ಚುಮೆಚ್ಚಿನ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕು. ಅನಿಮೆಯಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ ಬಿಡಿ ಚೌಕಟ್ಟುಗಳು, ಓಡುತ್ತವೆ. ಆದರೆ ಅಷ್ಟೂ ಹೊಸ ಚಿತ್ರಗಳಲ್ಲ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್‌ವರೆಗೆ ಹಿಡಿದಿಡುವುದು ವಾಡಿಕೆ. ಮೂರು ಫ್ರೇಮ್‌ಗೊಂದು ಎಂದರೆ ಸೆಕೆಂಡಿಗೆ 8 ಚಿತ್ರ, ಎರಡಕ್ಕೊಂದು ಎಂದರೆ 12. ನೂರು ಪುಟದ ಹಳೆ ನೋಟ್‌ಬುಕ್‌ನಲ್ಲಿ 50 ಹಾಳೆ. ಬಲತುದಿಯಲ್ಲಿ ಹಾಳೆಗೊಂದು ಚಿತ್ರ ಬರೆದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಚಿತ್ರ ಓಡುತ್ತದೆ. ಎರಡು ಹಾಳೆ ಹೆಸರಿಗೆ ಹೋಯಿತು. ಸೆಕೆಂಡಿಗೆ 8ರಂತೆ ಎಷ್ಟು ಸೆಕೆಂಡಿನ ಕಥೆ? 8ಕ + 2 = 50, ಕ = 6. ಸೆಕೆಂಡಿಗೆ 12 ಬೇಕೆಂದರೆ 12ಕ + 2 = 50, ಕ = 4. ಚಲನೆ ನುಣುಪಾದಷ್ಟೂ ಕಥೆ ಗಿಡ್ಡವಾಗುತ್ತದೆ. ಚಿತ್ರ ಬರೆಯುವ ಮಗುವಿಗೆ ಇದು ನಿಜವಾದ ಚಿಂತೆ, ನಿಜವಾಗಿ ಬೇಕಾದ ಉತ್ತರ. ಇನ್ನೂರು ಪುಟದ ಪುಸ್ತಕ ತೆಗೆದುಕೊಂಡರೆ 8ಕ + 2 = 100, ಕ = 12.25. ಕಾಲು ಸೆಕೆಂಡ್ ಇರಬಹುದೇ? ಇರಬಹುದು. ಕಾಲು ನಿಂಜಾ ಇರಬಹುದೇ? ಇಲ್ಲ. ಉತ್ತರ ಬಂದಮೇಲೆ ಈ ಪ್ರಶ್ನೆ ಕೇಳದೆ ಪುಟ ಮಗುಚಬೇಡಿ.

ಆರನೇ ಹೆಜ್ಜೆ: ಆವರಣ, ಆಮೇಲೆ ಎರಡೂ ಕಡೆ ಅಕ್ಷರ

ಆವರಣಕ್ಕೆ ಗುರುತ್ವದ ಕಥೆ. ಮಗುವೂ 5 ಕಿಲೋದ ಸ್ಕೂಲ್ ಬ್ಯಾಗೂ 10 ಪಟ್ಟು ಗುರುತ್ವದ ಗ್ರಹದಲ್ಲಿ ತೂಕದ ಯಂತ್ರ ಹತ್ತಿದರೆ ಅದು 450 ತೋರಿಸಿತು. ಮಗುವಿನ ತೂಕಕ್ಕೂ 10 ಪಟ್ಟು, ಬ್ಯಾಗಿಗೂ 10 ಪಟ್ಟು, ಇಬ್ಬರೂ ಒಂದೇ ಗ್ರಹದಲ್ಲಿದ್ದಾರೆ. ಅದಕ್ಕೇ ಆವರಣ: 10(ಕ + 5) = 450. 10ಕ + 5 ಎಂದು ಬರೆದ ಮಗುವಿಗೆ ‘ಬ್ಯಾಗನ್ನು ಭೂಮಿಯಲ್ಲೇ ಬಿಟ್ಟು ಹೋದೆಯಾ?’ ಎಂದು ಕೇಳಿದರೆ ಸಾಕು. ಎರಡೂ ಕಡೆ 10ರಿಂದ ಭಾಗಿಸಿದರೆ ಕ + 5 = 45, ಕ = 40.

ನೆರಳು ತದ್ರೂಪಿಯ ಲೆಕ್ಕ ಇನ್ನಷ್ಟು ಸೂಕ್ಷ್ಮ. ಒಟ್ಟು ಶಕ್ತಿ 120, ತದ್ರೂಪಿಗಳನ್ನು ಮಾಡಿದ ಮೇಲೆ ಒಬ್ಬೊಬ್ಬನಲ್ಲಿ ಉಳಿದದ್ದು 15. ಎಷ್ಟು ತದ್ರೂಪಿ? ಮಕ್ಕಳು 15ಕ = 120 ಎಂದು ಬರೆದು 8 ಅನ್ನುತ್ತಾರೆ. ಕಥೆಯನ್ನು ಚೆನ್ನಾಗಿ ಬಲ್ಲ ಹುಡುಗ ಮಾತ್ರ ‘ಆಂಟಿ, ಅಸಲಿ ನರುಟೊಗೂ ಪಾಲು ಬೇಕಲ್ವಾ?’ ಅಂದ. 15(ಕ + 1) = 120, ಕ = 7. ಕಥೆಯ ನಿಯಮ ಗೊತ್ತಿದ್ದವನಿಗೇ ಸಮೀಕರಣ ಸರಿಯಾಗಿ ಬಂತು. ಅವನು ಲೆಕ್ಕದಲ್ಲಿ ಮೊದಲನೆಯವನಾದದ್ದು ಅವತ್ತೇ ಮೊದಲು.

ಎರಡೂ ಕಡೆ ಅಕ್ಷರ ಬರುವುದು ಎಂಟನೇ ತರಗತಿಗೆ. ಪೈಪೋಟಿಯ ಕಥೆ ಹೇಳಿ. ಒಬ್ಬ ಶಿಷ್ಯನ ಬಳಿ 10 ಅಂಕ, ದಿನಕ್ಕೆ 5 ಏರುತ್ತಾನೆ. ಇನ್ನೊಬ್ಬನ ಬಳಿ 30, ದಿನಕ್ಕೆ 3. ಯಾವತ್ತು ಸರಿಸಮ? 5ಕ + 10 = 3ಕ + 30. ತಕ್ಕಡಿಯ ಎರಡೂ ಕಡೆಯಿಂದ ಮೂರು ಮೂರು ಪೊಟ್ಟಣ ತೆಗೆಯಿರಿ, 2ಕ + 10 = 30. ಉಳಿದದ್ದು ಗೊತ್ತಿರುವ ದಾರಿ, ಕ = 10. ಪಕ್ಷಾಂತರದ ಅಡ್ಡದಾರಿ ಈಗ ಹೇಳಿಕೊಡಬಹುದು.

ಏಳನೇ ಹೆಜ್ಜೆ: ತಾಳೆ ನೋಡುವುದು

ಬಂದ ಉತ್ತರವನ್ನು ಮೊದಲ ಸಾಲಿನಲ್ಲಿ ಕ ಇದ್ದ ಜಾಗಕ್ಕೆ ಹಾಕಿ ಎರಡೂ ಕಡೆ ಬೇರೆ ಬೇರೆಯಾಗಿ ಲೆಕ್ಕ ಮಾಡಿಸಿ. ಎಡಗಡೆ 5 × 10 + 10 = 60, ಬಲಗಡೆ 3 × 10 + 30 = 60. ಸರಿಯೋ ತಪ್ಪೋ ಎಂದು ನೀವು ಹೇಳಬೇಡಿ, ತಾಳೆಯೇ ಹೇಳಲಿ. ರೈಟ್ ಗುರುತನ್ನೂ ಮಗುವೇ ಹಾಕಿಕೊಳ್ಳಲಿ.

ಎಂಟನೇ ಹೆಜ್ಜೆ: ಮಗುವೇ ಲೆಕ್ಕ ಕಟ್ಟಲಿ, ಆಮೇಲೆ ಕಥೆ ಕಳಚಿ

ಮೂರನೇ ವಾರದಿಂದ ದಿನಕ್ಕೊಂದು ಲೆಕ್ಕವನ್ನು ಮಗುವೇ ಬರೆಯಬೇಕು. ಹಿಂದಿನಿಂದ ಕಟ್ಟುವುದನ್ನು ಹೇಳಿಕೊಡಿ. ಮೊದಲು ಉತ್ತರ ಗುಟ್ಟಾಗಿ ಇಟ್ಟುಕೊಳ್ಳುವುದು, 6 ಅನ್ನಿ. ನಾಲ್ಕರಿಂದ ಗುಣಿಸಿ 24, ಆರು ಕೂಡಿಸಿ 30. ಅಲ್ಲಿಗೆ 4ಕ + 6 = 30 ತಯಾರು. ಅದಕ್ಕೊಂದು ಕಥೆ ತೊಡಿಸಿ ಗೆಳೆಯನಿಗೆ ಕೊಡುವುದು. ಗೆಳೆಯನಿಗೆ ಬೇರೆ ಉತ್ತರ ಬಂದರೆ ಇಬ್ಬರೂ ಕೂತು ತಾಳೆ ನೋಡಲಿ, ನೀವು ಅಡುಗೆಮನೆಗೆ ಹೋಗಿಬಿಡಿ.

ದಿನದ ಐದು ಲೆಕ್ಕದಲ್ಲಿ ಮೊದಲ ವಾರ ಐದಕ್ಕೂ ಕಥೆ ಇರಲಿ. ಮೂರನೇ ವಾರ ಕಥೆ ಎರಡಕ್ಕೆ ಇಳಿಯಲಿ. ನಾಲ್ಕನೇ ವಾರ ಬರೀ ಸಮೀಕರಣ ಕೊಡಿ, ಕಥೆಯನ್ನು ಮಗು ಹೇಳಲಿ. ಪರೀಕ್ಷೆಯಲ್ಲಿ ಡೋರೇಮಾನ್ ಇರುವುದಿಲ್ಲ, ಆದ್ದರಿಂದ ಈ ಇಳಿಸುವ ಕೆಲಸ ತಪ್ಪಿಸಬೇಡಿ. ಕಥೆ ತೆಗೆದ ದಿನ ಮಗು ತಡವರಿಸಿದರೆ ಗದರಬೇಡಿ, ಎರಡು ದಿನ ಹಿಂದಕ್ಕೆ ಹೋಗಿ ಬೆಂಕಿಪೊಟ್ಟಣ ಮತ್ತೆ ಮೇಜಿಗೆ ತನ್ನಿ.

ಆ ಏಳನೇ ತರಗತಿಯ ಹುಡುಗನಿಗೆ ಕಳೆದ ವಾರ 6ಕ − 4 = 50 ಎಂದು ಮಾತ್ರ ಬರೆದುಕೊಟ್ಟೆ. ಚಿತ್ರವಿಲ್ಲ, ಪೊಟ್ಟಣವಿಲ್ಲ. ‘ಆರು ತಂಡ, ತಂಡಕ್ಕೆ ಕ ಜನ, ನಾಲ್ಕು ಜನ ಜ್ವರ ಅಂತ ಬರಲಿಲ್ಲ, 50 ಜನ ಬಂದರು’ ಅಂದ. ಮೊದಲು ಎರಡೂ ಕಡೆ 4 ಕೂಡಿಸಿದ, 6ಕ = 54. ಕ = 9 ಎಂದು ಬರೆದು, ನನ್ನ ಮುಖ ನೋಡದೆ ಕೆಳಗಿನ ಸಾಲಿಗೆ ಹೋಗಿ 6 × 9 − 4 ಎಂದು ತಾಳೆ ಶುರು ಮಾಡಿದ.